ಮೂರು ಬಾರ್ ಲೆಕ್ಕ

ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಅನ್ನುವುದು ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಡಬ್ಬಿ. ತಲೆಯ ಮೇಲೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್‌ನಟ್, ಪಕ್ಕದಲ್ಲಿ ತೆಳ್ಳಗಿನ ರಬ್ಬರ್ ಪೈಪು ಸಿಕ್ಕಿಸುವುದಕ್ಕೆ ಒಂದು ಮೂತಿ. ಬಿಚ್ಚಿ ನೋಡಿದರೆ ಒಳಗೆ ಒಂದು ಸ್ಪ್ರಿಂಗು, ಒಂದು ರಬ್ಬರ್ ಡಯಾಫ್ರಾಂ, ಸೀಟಿನ ಮೇಲೆ ಕೂರುವ ಸಣ್ಣ ವಾಲ್ವು, ಅಷ್ಟೆ. ಕರೆಂಟಿನ ವೈರಿಲ್ಲ, ಕಂಪ್ಯೂಟರಿನ ಗೊಡವೆಯಿಲ್ಲ. ಟರ್ಬೊ ಹಾಕಿದ ಕಾರನ್ನು ತಂದು ನಿಲ್ಲಿಸುವ ಹುಡುಗರ ಕಣ್ಣು ಮೊದಲು ಹೋಗುವುದು ಆ ಸ್ಕ್ರೂ ಮೇಲೆ. ತಿರುಗಿಸಲು ಸಿಗುತ್ತದಲ್ಲ, ಅದಕ್ಕೆ.

"ಅಣ್ಣ, ಮೂರು ಬಾರ್ ಇದೆಯಂತೆ. ಮೂರೂವರೆ ಮಾಡಿಬಿಡಿ, ಪಿಕಪ್ ಸಿಗಲಿ" ಅನ್ನುತ್ತಾರೆ.

"ಮಾಡಬಹುದು ಸಾರ್. ಸಿಗೋದು ಹೊಗೆ" ಅನ್ನುತ್ತೇನೆ ನಾನು.

ಈ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಹೆಚ್ಚು ಪೆಟ್ರೋಲ್ ಸುರಿದರೆ ಹೆಚ್ಚು ಶಕ್ತಿ ಅನ್ನುವ ನಂಬಿಕೆ ಅಷ್ಟು ಗಟ್ಟಿ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ ಎಷ್ಟು ಬರಬೇಕೆಂದು ತೀರ್ಮಾನಿಸುವುದು ಒಳಗೆ ಹೋಗುವ ಗಾಳಿ. ಬಂದ ಗಾಳಿಗೆ ಸರಿಹೊಂದುವಷ್ಟು ಪೆಟ್ರೋಲ್ ಕೊಡುವುದು ಇಂಜೆಕ್ಟರಿನ ಕೆಲಸ. ಆ ಇಂಜೆಕ್ಟರಿನ ಬೆನ್ನ ಹಿಂದೆ ಒತ್ತಡ ಹದ ತಪ್ಪದಂತೆ ಕಾಯುವುದು ಈ ಡಬ್ಬಿಯ ಕೆಲಸ. ಒಮ್ಮೆ ಸರಿಯಾಗಿ ಸೆಟ್ ಮಾಡಿ, ಲಾಕ್‌ನಟ್ ಬಿಗಿದು, ಮೇಲೊಂದು ಬಣ್ಣದ ಗುರುತು ಎಳೆದು ಮರೆತುಬಿಡಬೇಕಾದ ಸ್ಕ್ರೂ ಅದು.

ನನಗೆ ಪ್ರೆಶರ್ ಅನ್ನುವುದರ ಪರಿಚಯವಾದದ್ದು ಕಲಾಸಿಪಾಳ್ಯದ ಹಿಂಭಾಗದಲ್ಲಿದ್ದ ಸೋದರಮಾವನ ಡೀಸೆಲ್ ಪಂಪ್ ಅಂಗಡಿಯಲ್ಲಿ. ಆಗ ಲಾರಿಯವರ ಬಾಯಲ್ಲಿ ಡೀಸೆಲ್ ಪಂಪು ಅಂದರೆ 'ಮೈಕೋ ಪಂಪು'. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೇರೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಹಳಬರ ಬಾಯಲ್ಲಿ ಅದು ಇವತ್ತಿಗೂ ಮೈಕೋನೇ. ಮಾವ ಪ್ರೆಶರನ್ನು ಕೆಜಿ ಲೆಕ್ಕದಲ್ಲಿ ಹೇಳುತ್ತಿದ್ದರು. ಈಗ ಟರ್ಬೊ ಪೆಟ್ರೋಲ್ ಹುಡುಗರು ಬೂಸ್ಟನ್ನು, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ಪಿಎಸ್‌ಐನಲ್ಲಿ ಹೇಳುತ್ತಾರೆ, ಫ್ಯೂಯಲ್ ಪ್ರೆಶರನ್ನು ಬಾರ್‌ನಲ್ಲಿ ಹೇಳುತ್ತಾರೆ, ಎರಡನ್ನೂ ಕೂಡಿಸಿ ಎಲ್ಲೋ ಎಡವುತ್ತಾರೆ. ಒಂದು ಬಾರ್ ಅಂದರೆ 14.5 ಪಿಎಸ್‌ಐ. ಮಾವನ ಒಂದು ಕೆಜಿ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆಜಿ ಭಾರ, 0.98 ಬಾರ್. ಗ್ಯಾರೇಜಿನ ಮಟ್ಟಿಗೆ ಕೆಜಿಯೂ ಬಾರೂ ಒಂದೇ ಎಂದರೆ ತಪ್ಪಿಲ್ಲ. ಬಾರೂ ಪಿಎಸ್‌ಐಯೂ ಒಂದೇ ಎಂದುಕೊಂಡರೆ ಎಂಜಿನ್ ಉಳಿಯುವುದಿಲ್ಲ. ಈ ಲೇಖನ ಪೂರ್ತಿ ಬಾರ್‌ನಲ್ಲೇ ಮಾತಾಡುತ್ತೇನೆ.

ಟರ್ಬೊ ಹೊಸ ವಿದ್ಯೆಯೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಖಿ ಅದರ ಪೇಟೆಂಟ್ ಪಡೆದದ್ದು 1905ರಲ್ಲಿ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಮಾಮೂಲಿ ಎಂಜಿನ್ ಗಾಳಿಯನ್ನು ತಾನಾಗಿ ಹೀರಿಕೊಳ್ಳಬೇಕು. ಟರ್ಬೊ ಇದ್ದರೆ ಗಾಳಿಯನ್ನು ಅದರ ಬಾಯಿಗೆ ತುರುಕಿದಂತೆ. ಶೋರೂಂ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಆಗಿನ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ಪೆಟ್ರೋಲಿನ ಜೊತೆಗೆ ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವಕ್ಕೆ ಪ್ರತ್ಯೇಕ ಟ್ಯಾಂಕ್ ಇಟ್ಟಿದ್ದರು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದರೆ ಎಂಜಿನ್ ನಾಕ್ ಹೊಡೆಯುತ್ತದೆ, ಅದನ್ನು ತಣಿಸಲು ಈ ಏರ್ಪಾಡು. ಮಾಲೀಕರು ಆ ಟ್ಯಾಂಕ್ ತುಂಬಿಸುವುದನ್ನೇ ಮರೆಯುತ್ತಿದ್ದರು. ಟರ್ಬೊ ಎಂಜಿನ್ನಿಗೂ ಮಾಲೀಕನ ಸೋಮಾರಿತನಕ್ಕೂ ಅಷ್ಟು ಹಳೆಯ ಸಂಬಂಧ.

ಇನ್ನು ಪ್ರೆಶರ್ ವಿಷಯ. ಟ್ಯಾಂಕಿನಲ್ಲಿ ಮುಳುಗಿರುವ ಪಂಪು ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಪೆಟ್ರೋಲನ್ನು ಸದಾ ಮುಂದಕ್ಕೆ ತಳ್ಳುತ್ತಿರುತ್ತದೆ. ಅದು ಫಿಲ್ಟರ್ ದಾಟಿ ಇಂಜೆಕ್ಟರುಗಳು ಸಾಲಾಗಿ ಕೂತಿರುವ ರೇಲ್‌ಗೆ ಬರುತ್ತದೆ. ರೇಲಿನ ಕೊನೆಯಲ್ಲಿ ನಮ್ಮ ರೆಗ್ಯುಲೇಟರ್. ಸ್ಪ್ರಿಂಗಿನ ಬಲಕ್ಕಿಂತ ಪೆಟ್ರೋಲಿನ ಒತ್ತಡ ಹೆಚ್ಚಾದ ಕೂಡಲೇ ಡಯಾಫ್ರಾಂ ಮೇಲೇಳುತ್ತದೆ, ವಾಲ್ವು ತೆರೆಯುತ್ತದೆ, ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ ಹೋಗುತ್ತದೆ. ಸ್ಕ್ರೂ ಬಿಗಿದರೆ ಸ್ಪ್ರಿಂಗು ಗಟ್ಟಿಯಾಗಿ ಪ್ರೆಶರ್ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಹುತೇಕ ಎಂಜಿನ್ನುಗಳಲ್ಲಿ ಇದು ಮೂರು ಬಾರ್ ಆಸುಪಾಸು.

ಮೂರು ಬಾರ್ ಅಂದರೆ ಯಾವುದಕ್ಕಿಂತ ಮೂರು ಬಾರ್ ಹೆಚ್ಚು? ಟರ್ಬೊ ಕಾರಿನ ಇಡೀ ಕಥೆ ಈ ಪ್ರಶ್ನೆಯಲ್ಲಿದೆ. ಇಂಜೆಕ್ಟರಿನ ಒಂದು ತುದಿ ರೇಲಿನಲ್ಲಿ, ಇನ್ನೊಂದು ತುದಿ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ. ಟರ್ಬೊ ಬೂಸ್ಟ್ ಕೊಡುವಾಗ ಮ್ಯಾನಿಫೋಲ್ಡಿನ ಒಳಗಿನ ಗಾಳಿಯೂ ಇಂಜೆಕ್ಟರಿನ ಬಾಯಿಯನ್ನು ಹಿಂದಕ್ಕೆ ಒತ್ತುತ್ತದೆ. ನೀವು ಹೊರಗಿನಿಂದ ಬಾಗಿಲು ತಳ್ಳುತ್ತಿದ್ದೀರಿ, ಒಳಗಿನಿಂದ ಇನ್ನೊಬ್ಬ ತಳ್ಳುತ್ತಿದ್ದಾನೆ ಎಂದುಕೊಳ್ಳಿ. ಬಾಗಿಲು ಸರಿಯುವುದು ನಿಮ್ಮಿಬ್ಬರ ಬಲದಲ್ಲಿರುವ ವ್ಯತ್ಯಾಸದಷ್ಟೇ. ರೇಲಿನಲ್ಲಿ ಮೂರು ಬಾರ್ ಇದ್ದು, ಮ್ಯಾನಿಫೋಲ್ಡಿನಲ್ಲಿ ಒಂದು ಬಾರ್ ಬೂಸ್ಟ್ ಬಂದರೆ, ಇಂಜೆಕ್ಟರಿಗೆ ದಕ್ಕುವುದು ಎರಡೇ ಬಾರ್.

ಇದರಿಂದ ಪೆಟ್ರೋಲ್ ಎಷ್ಟು ಕಡಿಮೆಯಾಗುತ್ತದೆ? ಇಂಜೆಕ್ಟರಿನಿಂದ ಬೀಳುವ ಪೆಟ್ರೋಲು ಪ್ರೆಶರಿನ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ವರ್ಗಮೂಲ ಗ್ಯಾರೇಜಿನಲ್ಲಿ ದಿನಾ ಬೇಕಾಗುತ್ತದೆ. ಮೂರು ಬಾರ್ ಎರಡಕ್ಕೆ ಇಳಿದರೆ ಪೆಟ್ರೋಲ್ ಸುಮಾರು 18% ಕಡಿಮೆ. ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಆ ಗಳಿಗೆಯಲ್ಲೇ ಐದರಲ್ಲಿ ಒಂದು ಪಾಲಿನಷ್ಟು ಖೋತಾ. ಮಿಕ್ಸ್ಚರ್ ಲೀನ್ ಆಗುತ್ತದೆ, ಸಿಲಿಂಡರಿನೊಳಗಿನ ಶಾಖ ಏರುತ್ತದೆ, ಪ್ಲಗ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಟರ್ಬೊ ಇಲ್ಲದ ಎಂಜಿನ್ ನಾಕಿಂಗನ್ನು ಸ್ವಲ್ಪ ದಿನ ತಡೆದುಕೊಂಡೀತು. ಪೂರ್ತಿ ಬೂಸ್ಟಿನಲ್ಲಿರುವ ಎಂಜಿನ್ನಿಗೆ ಕೆಲವು ಸೆಕೆಂಡು ಸಾಕು.

ಪರಿಹಾರ ಆ ಡಬ್ಬಿಯ ಪಕ್ಕದ ಮೂತಿಯಲ್ಲಿದೆ. ಅಲ್ಲಿಂದ ಮ್ಯಾನಿಫೋಲ್ಡಿಗೆ ಒಂದು ತೆಳ್ಳನೆಯ ಹೋಸ್ ಹೋಗುತ್ತದೆ. ಬೂಸ್ಟ್ ಬಂದಾಗ ಅದೇ ಒತ್ತಡ ಡಯಾಫ್ರಾಂನ ಸ್ಪ್ರಿಂಗ್ ಪಕ್ಕಕ್ಕೂ ಬಂದು ಸ್ಪ್ರಿಂಗಿಗೆ ಕೈಜೋಡಿಸುತ್ತದೆ. ಬೂಸ್ಟ್ ಒಂದು ಬಾರ್ ಏರಿದರೆ ರೇಲಿನ ಪ್ರೆಶರೂ ಒಂದು ಬಾರ್ ಏರಿ ನಾಲ್ಕಾಗುತ್ತದೆ. ಇಂಜೆಕ್ಟರಿಗೆ ದಕ್ಕುವ ವ್ಯತ್ಯಾಸ ಮತ್ತೆ ಮೂರೇ. ಐಡ್ಲಿಂಗಿನಲ್ಲಿ ಉಲ್ಟಾ. ಆಗ ಮ್ಯಾನಿಫೋಲ್ಡಿನಲ್ಲಿರುವುದು ವ್ಯಾಕ್ಯೂಮ್. ಅದು ಡಯಾಫ್ರಾಂ ಅನ್ನು ಮೇಲಕ್ಕೆ ಎಳೆದು ರೇಲಿನ ಪ್ರೆಶರನ್ನು ಎರಡೂವರೆ ಬಾರ್‌ನ ಹತ್ತಿರಕ್ಕೆ ಇಳಿಸುತ್ತದೆ. ಗೇಜಿನ ಮುಳ್ಳು ಹೀಗೆ ಎಂಜಿನ್ನಿನ ಜೊತೆ ಏರುತ್ತಾ ಇಳಿಯುತ್ತಾ ಇರಬೇಕು. ಮುಳ್ಳು ಅಲ್ಲಾಡದೆ ಮೂರರಲ್ಲೇ ನಿಂತಿದ್ದರೆ ಗಾಬರಿಯಾಗಬೇಕಾದ ವಿಷಯ. "ನೋಡಿ ಅಣ್ಣ, ಎಷ್ಟು ಸ್ಟೆಡಿಯಾಗಿದೆ" ಎಂದು ಹೆಮ್ಮೆಯಿಂದ ತೋರಿಸುವವರು ಇದ್ದಾರೆ.

ನಮ್ಮೂರಿನವರು ಕೇಳುವ ಇನ್ನೊಂದು ಪ್ರಶ್ನೆ: ಬೆಂಗಳೂರಿನಲ್ಲಿ ಸೆಟ್ ಮಾಡಿದ್ದು ಮಂಗಳೂರಿನಲ್ಲಿ ಹಾಗೇ ಇರುತ್ತದಾ? ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್‌ಗೂ ಮೇಲೆ ಇದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.9 ಬಾರ್. ಆದರೂ ಸೆಟ್ಟಿಂಗ್ ಬದಲಾಗುವುದಿಲ್ಲ. ಗೇಜು ಅಳೆಯುವುದೂ ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು, ಸೆಟ್ ಮಾಡುವಾಗ ಹೋಸ್ ಕಿತ್ತಿಟ್ಟ ರೆಗ್ಯುಲೇಟರ್ ಹೋಲಿಸಿಕೊಳ್ಳುವುದೂ ಅದೇ ಗಾಳಿಯನ್ನು. ಶಿರಾಡಿ ಘಾಟಿ ಇಳಿದು ಹೋದರೂ ಮೂರು ಮೂರೇ.

ಈಗ ಕೆಲಸಕ್ಕೆ ಇಳಿಯೋಣ. ನನ್ನ ಬಳಿಗೆ ಆಗಾಗ ಬರುವ ಒಂದು ಕಾರಿನ ಉದಾಹರಣೆ ಕೊಡುತ್ತೇನೆ: ಹಳೆಯ ಹೋಂಡಾ ಸಿಟಿ ವಿಟೆಕ್. 1.5 ಲೀಟರಿನ ಎಂಜಿನ್, ಕಂಪನಿ ಕೊಟ್ಟದ್ದು 106 ಹಾರ್ಸ್‌ಪವರ್. ತನ್ನ ಕಾಲಕ್ಕೆ ಈ ಊರಿನ ಹುಡುಗರ ನಿದ್ದೆ ಕೆಡಿಸಿದ ಕಾರು. ಈಗಲೂ ಅದನ್ನು ಹುಡುಕಿ ಕೊಂಡು, ಸಣ್ಣ ಟರ್ಬೊ ಕೂರಿಸಿ, ದೊಡ್ಡ ಇಂಜೆಕ್ಟರ್, ಹೊಸ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಸ್ಕ್ರೂ ಇರುವ ರೆಗ್ಯುಲೇಟರ್ ಹಾಕಿಸುವವರಿದ್ದಾರೆ. ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಟರ್ಬೊವನ್ನು ಗುಜರಿಯಲ್ಲಿ ಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಶಾಫ್ಟ್ ಅಲ್ಲಾಡಿಸಿ ನೋಡಿ ತರಬಹುದು. ಫ್ಯೂಯಲ್ ಹೋಸನ್ನೂ ರೆಗ್ಯುಲೇಟರನ್ನೂ ಮಾತ್ರ ಅಲ್ಲಿ ಕೊಳ್ಳಬೇಡಿ.

ಮೊದಲು ರೇಲಿನಲ್ಲಿರುವ ಪ್ರೆಶರ್ ಇಳಿಸಬೇಕು. ಎಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ಅಥವಾ ರಿಲೇ ಕೀಳುತ್ತೇವೆ. ರೇಲಿನಲ್ಲಿದ್ದದ್ದು ಖಾಲಿಯಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಒಂದೆರಡು ಸೆಲ್ಫ್ ಹೊಡೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಸಡಿಲಿಸಬೇಕು. ಹಳೆಯ ಹೋಂಡಾಗಳಲ್ಲಿ ಫಿಲ್ಟರ್ ಮೇಲಿನ ಬ್ಯಾಂಜೊ ಬೋಲ್ಟಿನ ತಲೆಯಲ್ಲೇ ಒಂದು ಪುಟ್ಟ ಸರ್ವಿಸ್ ಬೋಲ್ಟ್ ಇರುತ್ತದೆ. ಗೇಜು ಕೂರಿಸುವುದಕ್ಕೆ ಅದೇ ಜಾಗ. ವಾಷರ್ ಹೊಸದು ಹಾಕಬೇಕು. ಹಳೆಯದನ್ನು ಉಜ್ಜಿ ಮತ್ತೆ ಹಾಕಿ ಹತ್ತಿಪ್ಪತ್ತು ರೂಪಾಯಿ ಉಳಿಸುವುದರಲ್ಲಿ ಯಾವ ಜಾಣತನವೂ ಇಲ್ಲ. ಕೆಲಸ ನಡೆಯುವಷ್ಟು ಹೊತ್ತು ಕಾರು ಶೆಡ್ಡಿನ ಹೊರಗೆ ಇರಬೇಕು, ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಕೈಗೆಟಕುವಲ್ಲಿ ಇರಬೇಕು. ನೋಡಲು ಬಂದ ಸ್ನೇಹಿತರಲ್ಲಿ ಸಿಗರೇಟು ಹಚ್ಚುವವನು ಒಬ್ಬ ಇದ್ದೇ ಇರುತ್ತಾನೆ. ಅವನನ್ನು ಟೀ ತರಲು ಕಳಿಸುತ್ತೇನೆ.

ಗೇಜಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಚೆಂದ ಕಾಣುವುದು ಗ್ಲಿಸರಿನ್ ತುಂಬಿದ ಗೇಜು. ಮುಳ್ಳು ನಡುಗುವುದಿಲ್ಲ, ನೋಡಲು ಹಿತ. ಆದರೆ ಅದನ್ನು ಬಿಸಿ ಎಂಜಿನ್ ಮೇಲೆ ಕಾಯಂ ಆಗಿ ಕೂರಿಸಿದರೆ ಒಳಗಿನ ದ್ರವ ಹಿಗ್ಗಿ, ಮುಚ್ಚಿದ ಡಬ್ಬಿಯೊಳಗೆ ಒತ್ತಡ ಕಟ್ಟಿ, ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬೆಳಿಗ್ಗೆ ಮೂರು ತೋರಿಸಿದ್ದು ಒಂದು ಸುತ್ತು ಹೋಗಿ ಬಂದ ಮೇಲೆ ಎರಡೂಮುಕ್ಕಾಲು ತೋರಿಸುತ್ತದೆ. ಮಾಲೀಕ ಗಾಬರಿಯಾಗಿ ಸ್ಕ್ರೂ ಬಿಗಿಯುತ್ತಾನೆ. ಮರುದಿನ ಬೆಳಿಗ್ಗೆ ಮೂರೂಕಾಲು! ಕೆಲವು ಗೇಜುಗಳ ನೆತ್ತಿಯ ಮೇಲೆ ಗಾಳಿ ಬಿಡುವ ಸಣ್ಣ ರಬ್ಬರ್ ಬಿರಡೆ ಇರುತ್ತದೆ, ಅದನ್ನು ಒಮ್ಮೆ ತೆಗೆದು ಹಾಕಿದರೆ ಮುಳ್ಳು ಸರಿಹೋಗುತ್ತದೆ. ನಾನು ಸೆಟ್ ಮಾಡುವುದು ಉದ್ದನೆಯ ಹೋಸಿರುವ ಒಣ ಗೇಜಿನಲ್ಲಿ. ಕೆಲಸ ಮುಗಿದ ಮೇಲೆ ಅದು ಮತ್ತೆ ಪೆಟ್ಟಿಗೆ ಸೇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೋಡುತ್ತಲೇ ಇರಬೇಕು ಎನ್ನುವವರು ಎಲೆಕ್ಟ್ರಿಕ್ ಸೆಂಡರ್ ಹಾಕಿಸಿ ವೈರನ್ನಷ್ಟೇ ಒಳಗೆ ತರಬೇಕು. ಪೆಟ್ರೋಲ್ ಪೈಪನ್ನು ಕಾರಿನೊಳಗೆ ತಂದು ಗೇಜಿಗೆ ಕೊಟ್ಟದ್ದನ್ನು ನೋಡಿದ್ದೇನೆ. ಆ ಕಾರನ್ನು ಸ್ಟಾರ್ಟ್ ಮಾಡಲು ನಾನು ಒಪ್ಪಲಿಲ್ಲ.

ಗೇಜು ಕೂತ ಮೇಲೆ ಬ್ಯಾಟರಿ ಜೋಡಿಸಿ ಕೀ ಆನ್. ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಆಗಲೇ ಒಂದೊಂದು ಜಾಯಿಂಟಿಗೂ ಟಾರ್ಚ್ ಬಿಟ್ಟು ಕಾಗದದ ಕರವಸ್ತ್ರ ಒತ್ತಿ ನೋಡಬೇಕು, ಒದ್ದೆಯಾದರೆ ಅಲ್ಲಿಗೇ ನಿಲ್ಲಿಸಬೇಕು. ಒಣಗಿದ್ದರೆ ಸ್ಟಾರ್ಟ್. ಎಂಜಿನ್ ನಿಲ್ಲಿಸಿಕೊಂಡು ಪಂಪು ಮಾತ್ರ ಓಡಿಸಿ ಸೆಟ್ ಮಾಡುವವರೂ ಇದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಬರೀ ಬ್ಯಾಟರಿಯಲ್ಲಿ ಪಂಪಿಗೆ ಸಿಗುವುದು 12 ವೋಲ್ಟ್‌ನಷ್ಟು. ಆಲ್ಟರ್ನೇಟರ್ ತಿರುಗುವಾಗ ಹದಿನಾಲ್ಕರ ಹತ್ತಿರ. ಓಡುವ ಎಂಜಿನ್ನಿಗೆ ಮಾಡುವ ಸೆಟ್ಟಿಂಗನ್ನು ಓಡಿಸಿಯೇ ನೋಡಬೇಕು.

ಎಂಜಿನ್ ಬಿಸಿಯಾಗಿ ಐಡ್ಲಿಂಗ್ ಸಮವಾದ ಮೇಲೆ ರೆಗ್ಯುಲೇಟರಿನ ಮೂತಿಯಿಂದ ವ್ಯಾಕ್ಯೂಮ್ ಹೋಸ್ ಕೀಳಬೇಕು. ಕಿತ್ತ ಹೋಸಿನ ಬಾಯಿಗೆ ಒಂದು ಬೋಲ್ಟ್ ಸಿಕ್ಕಿಸಿ ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿಂದ ಗಾಳಿ ಹೀರಿ ಐಡ್ಲಿಂಗ್ ಕೆಡುತ್ತದೆ. ಈಗ ಗೇಜು ತೋರಿಸುವುದೇ ಬೇಸ್ ಪ್ರೆಶರ್. ಹೋಸ್ ಕೀಳದೆ ಐಡ್ಲಿಂಗಿನಲ್ಲಿ ಗೇಜು ನೋಡಿ ಮೂರಕ್ಕೆ ಸೆಟ್ ಮಾಡುವುದು ನಾನು ಕಾಣುವ ಅತಿ ಸಾಮಾನ್ಯ ಎಡವಟ್ಟು. ಹಾಗೆ ಮಾಡಿದರೆ ನಿಜವಾದ ಬೇಸ್ ಮೂರೂವರೆಯಾಗಿರುತ್ತದೆ, ಇಸಿಯು ಹಾಕಿಕೊಂಡ ಲೆಕ್ಕವೆಲ್ಲ ಬುಡದಿಂದಲೇ ತಪ್ಪು.

ಲಾಕ್‌ನಟ್ ಸಡಿಲಿಸಿ, ಅಲೆನ್ ಕೀಯಿಂದ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಮುಳ್ಳು ನಿಲ್ಲುವವರೆಗೆ ಕಾಯಬೇಕು. ಮತ್ತೆ ಕಾಲು ಸುತ್ತು. ಮೂರಕ್ಕೆ ಬಂದ ಮೇಲೆ ಕೀಯನ್ನು ಅಲ್ಲಾಡದಂತೆ ಹಿಡಿದು ಲಾಕ್‌ನಟ್ ಬಿಗಿಯಬೇಕು. ಬಿಗಿಯುವಾಗ ಸ್ಕ್ರೂ ಒಂದು ಕೂದಲೆಳೆ ತಿರುಗೇ ತಿರುಗುತ್ತದೆ, ಮುಳ್ಳೂ ಸರಿಯುತ್ತದೆ. ಅದಕ್ಕೇ ಬಿಗಿದ ಮೇಲೆ ಇನ್ನೊಮ್ಮೆ ಓದಬೇಕು. ಕೆಲವೊಮ್ಮೆ ಸ್ಕ್ರೂ ಪೂರ್ತಿ ಸಡಿಲಿಸಿದರೂ ಪ್ರೆಶರ್ ಇಳಿಯುವುದೇ ಇಲ್ಲ. ಆಗ ರೆಗ್ಯುಲೇಟರನ್ನು ಬೈಯಬೇಡಿ. ದೊಡ್ಡ ಪಂಪು ಹಾಕಿ, ಕಂಪನಿಯ ಸಪೂರ ರಿಟರ್ನ್ ಪೈಪನ್ನು ಹಾಗೇ ಬಿಟ್ಟಿರುತ್ತಾರೆ. ವಾಪಸ್ ಹೋಗುವ ಪೆಟ್ರೋಲಿಗೆ ದಾರಿ ಸಾಲದೆ ಪ್ರೆಶರ್ ಅಲ್ಲೇ ಕಟ್ಟಿಕೊಳ್ಳುತ್ತದೆ.

ಬೇಸ್ ಕೂತ ಮೇಲೆ ಹೋಸ್ ಮತ್ತೆ ಸಿಕ್ಕಿಸಿದರೆ ಮುಳ್ಳು ತಟ್ಟನೆ ಅರ್ಧ ಬಾರ್‌ನಷ್ಟು ಇಳಿಯಬೇಕು. ಇಳಿದರೆ ವ್ಯಾಕ್ಯೂಮ್ ಪಾಠ ಒಪ್ಪಿಸಿತು ಎಂದರ್ಥ. ಬೂಸ್ಟ್ ಪಾಠಕ್ಕೆ ನನ್ನ ಬಳಿ ಇರುವುದು ಗೇಜು ಇರುವ ಒಂದು ಸೈಕಲ್ ಪಂಪು. ಹೋಸ್ ಮತ್ತೆ ಕಿತ್ತು ಬಾಯಿ ಮುಚ್ಚಿ, ರೆಗ್ಯುಲೇಟರಿನ ಮೂತಿಗೆ ಸೈಕಲ್ ಪಂಪು ಕೊಟ್ಟು ಮೆತ್ತಗೆ 0.7 ಬಾರ್‌ವರೆಗೆ ಒತ್ತುತ್ತೇನೆ. ರೇಲಿನ ಗೇಜು ಮೂರರಿಂದ 3.7ಕ್ಕೆ ಏರಿ ನಿಲ್ಲಬೇಕು. ಅರ್ಧಕ್ಕೇ ನಿಂತರೆ ಪಂಪು ಸೋತಿದೆ ಅಥವಾ ಫಿಲ್ಟರ್ ಕಟ್ಟಿದೆ. ಏರಿದ್ದು ಸೋರಿ ಇಳಿದರೆ ಡಯಾಫ್ರಾಂ ಹರಿದಿರಬಹುದು. ಮೂತಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಹರಿದಿರುವುದು ಖಚಿತ, ಎಂಜಿನ್ ಆಗಲೇ ಆ ಹೋಸಿನಿಂದ ಪೆಟ್ರೋಲ್ ಕುಡಿಯುತ್ತಿದೆ. ಕಾರು ಒಂದಡಿಯೂ ಚಲಿಸದೆ ಇಷ್ಟೆಲ್ಲ ಗೊತ್ತಾಗುತ್ತದೆ. ಈ ಸೈಕಲ್ ಪಂಪು ನೋಡಿ ನಕ್ಕವರಿದ್ದಾರೆ. ಲಕ್ಷಗಟ್ಟಲೆ ಖರ್ಚು ಮಾಡಿದ ಕಾರಿಗೆ ಇದಾ ಎಂದು.

ಎಂಜಿನ್ ನಿಲ್ಲಿಸಿದ ಮೇಲೂ ಗೇಜು ನೋಡುತ್ತಿರಬೇಕು. ನಿಧಾನವಾಗಿ ಇಳಿದರೆ ಚಿಂತೆಯಿಲ್ಲ. ದಡಕ್ಕನೆ ಸೊನ್ನೆಗೆ ಬಿದ್ದರೆ ಸೋರುವ ಜಾಗ ಮೂರರಲ್ಲೊಂದು: ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರಿನ ಸೀಟು, ಇಲ್ಲವೇ ತೊಟ್ಟಿಕ್ಕುವ ಇಂಜೆಕ್ಟರ್. ರಿಟರ್ನಿನ ರಬ್ಬರ್ ಹೋಸನ್ನು ಕ್ಲ್ಯಾಂಪಿನಲ್ಲಿ ಹಿಡಿದಾಗ ಪ್ರೆಶರ್ ನಿಂತರೆ ಕಳ್ಳ ರೆಗ್ಯುಲೇಟರ್.

ಕೊನೆಯ ಪರೀಕ್ಷೆ ಲೋಡಿನಲ್ಲಿ. ಅದನ್ನು ಡೈನೋ ಮೇಲೆ ಮಾಡಬೇಕು, ಔಟರ್ ರಿಂಗ್ ರೋಡಿನಲ್ಲಿ ರಾತ್ರಿ ಹೊತ್ತು ಅಲ್ಲ. ಬೂಸ್ಟ್, ರೇಲ್ ಪ್ರೆಶರ್, ವೈಡ್‌ಬ್ಯಾಂಡ್ ಸೆನ್ಸರಿನ ಗಾಳಿ-ಪೆಟ್ರೋಲ್ ಅನುಪಾತ, ಈ ಮೂರನ್ನೂ ಒಟ್ಟಿಗೆ ರೆಕಾರ್ಡ್ ಮಾಡುತ್ತೇವೆ. ನಿರಾಳವಾಗಿ ಓಡುವಾಗ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೂರ್ತಿ ಬೂಸ್ಟಿನಲ್ಲಿ ನನಗೆ ಬೇಕಾದ್ದು 11.5ರಿಂದ 12. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಸಿಲಿಂಡರನ್ನು ತಣಿಸುತ್ತದೆ. ರೇಲಿನ ಪ್ರೆಶರಿನಿಂದ ಬೂಸ್ಟ್ ಕಳೆದರೆ ಐಡ್ಲಿಂಗಿನಿಂದ ಕೊನೆಯ ಆರ್‌ಪಿಎಂವರೆಗೆ ಮೂರೇ ಉಳಿಯಬೇಕು. ಐದು ಸಾವಿರ ದಾಟಿದ ಮೇಲೆ ಆ ಮೂರು ಕುಸಿಯತೊಡಗಿದರೆ ಆಕ್ಸಿಲರೇಟರ್ ಬಿಟ್ಟುಬಿಡಬೇಕು. ಪಂಪು ದಣಿದಿದೆ. ಪಂಪಿಗೆ ಪ್ರೆಶರ್ ಏರಿದಂತೆಲ್ಲ ತಳ್ಳುವ ಪ್ರಮಾಣ ಇಳಿಯುತ್ತದೆ. ಗಂಟೆಗೆ 255 ಲೀಟರ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಮೂರು ಬಾರ್ ಆಸುಪಾಸಿನ ಮಾತು, ಐದು ಬಾರ್‌ನದ್ದಲ್ಲ.

ರೆಗ್ಯುಲೇಟರಿನ ಮೂತಿಗೆ ಬರುವ ಹೋಸ್ ಜಾರಿದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ನನ್ನ ಬೆಂಚಿನ ಮೇಲೆ ಒಂದು ಪಿಸ್ಟನ್ ಇದೆ. ಬೇರೆಲ್ಲೋ ಟರ್ಬೊ ಹಾಕಿಸಿಕೊಂಡು, ಹೊಗೆ ಕಕ್ಕುತ್ತಾ ಟೋಯಿಂಗ್ ಲಾರಿಯಲ್ಲಿ ನನ್ನ ಬಳಿ ಬಂದ ಕಾರಿನದು. ಮೇಲಿನ ಎರಡು ರಿಂಗುಗಳ ನಡುವಿನ ಅಂಚು ಬಿರುಕುಬಿಟ್ಟು ಒಂದು ಚೂರು ಕಿತ್ತುಹೋಗಿದೆ. ಆ ಸಿಲಿಂಡರಿನ ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿಯ ಪಿಂಗಾಣಿಯ ಮೇಲೆ ಮಿನುಗುವ ಸಣ್ಣ ಸಣ್ಣ ಬೂದು ಚುಕ್ಕೆಗಳು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಹಾರಿ ಅಲ್ಲಿ ಅಂಟಿಕೊಂಡದ್ದು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೆಗ್ಯುಲೇಟರಿನ ಹೋಸನ್ನು ಬೂಸ್ಟ್ ಗೇಜಿಗೂ ಬ್ಲೋ-ಆಫ್ ವಾಲ್ವಿಗೂ ಹಂಚಿ ಪ್ಲಾಸ್ಟಿಕ್ ಟೀ ಹಾಕಿದ್ದರು, ಕ್ಲಿಪ್ ಇರಲಿಲ್ಲ. ಬೂಸ್ಟಿನಲ್ಲಿ ಹೋಸ್ ಜಾರಿದೆ. ರೇಲಿನ ಪ್ರೆಶರ್ ಮೂರರಲ್ಲೇ ನಿಂತಿದೆ. ಕಾರು ಮಾತ್ರ ಸೊಗಸಾಗಿ ಓಡಿದೆ! ಮಿಕ್ಸ್ಚರ್ ಲೀನ್ ಆಗುವ ಮೊದಲ ಹಂತದಲ್ಲಿ ಎಂಜಿನ್ ಚುರುಕಾದಂತೆಯೇ ಅನ್ನಿಸುತ್ತದೆ, ಅದೇ ಅದರ ವಂಚನೆ. ಆದ್ದರಿಂದ ನಾನು ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಪ್ರತ್ಯೇಕ ಹೋಸ್ ಎಳೆಯುತ್ತೇನೆ, ಅದೂ ಥ್ರಾಟಲ್ ದಾಟಿದ ಮೇಲಿನ ಜಾಗದಿಂದ. ಎರಡೂ ತುದಿಗೆ ಕ್ಲಿಪ್. ಗೇಜು, ವಾಲ್ವು, ಇನ್ಯಾವುದಕ್ಕೂ ಅದರಲ್ಲಿ ಪಾಲಿಲ್ಲ.

ಹಾಗಾದರೆ ಪ್ರೆಶರ್ ಏರಿಸಲೇಬಾರದಾ? ಸಿಟಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 106ರ ಎಂಜಿನ್ನಿನಿಂದ 160 ಹಾರ್ಸ್‌ಪವರ್ ಬೇಕು ಎನ್ನುತ್ತಾನೆ ಮಾಲೀಕ. ಟರ್ಬೊ ಎಂಜಿನ್ ಒಂದು ಹಾರ್ಸ್‌ಪವರಿಗೆ ಗಂಟೆಗೆ ಅಂದಾಜು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 160ಕ್ಕೆ ಸುಮಾರು 43 ಕೆಜಿ, ಅಂದರೆ ಗಂಟೆಗೆ 58 ಲೀಟರ್. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ಒಂದೊಂದಕ್ಕೆ ನಿಮಿಷಕ್ಕೆ 240 ಸಿಸಿ. ಇಂಜೆಕ್ಟರನ್ನು ಹೊತ್ತಿಡೀ ತೆರೆದಿಡುವಂತಿಲ್ಲ, ಎಂಬತ್ತು ಪರ್ಸೆಂಟಿಗೆ ನಿಲ್ಲಿಸಬೇಕು. ಹಾಗಾಗಿ ಬೇಕಾದದ್ದು 300 ಸಿಸಿಯ ಇಂಜೆಕ್ಟರ್. ಕೈಯಲ್ಲಿರುವುದು 240 ಸಿಸಿಯದು, ಪ್ರೆಶರ್ ಏರಿಸಿ ಅದರಿಂದಲೇ 300 ಹಿಂಡುತ್ತೇನೆ ಅಂದರೆ, ವರ್ಗಮೂಲದ ಪ್ರಕಾರ ಬೇಸ್ 4.7 ಬಾರ್‌ಗೆ ಹೋಗಬೇಕು. ಅದರ ಮೇಲೆ ಬೂಸ್ಟ್ ಸೇರಿದರೆ ಪಂಪಿನ ಕಥೆ ಮುಗಿಯಿತು. ಹೊಸ ಇಂಜೆಕ್ಟರ್ ತರುವುದು ಅದಕ್ಕಿಂತ ಅಗ್ಗ. ಮೂರರಿಂದ ನಾಲ್ಕಕ್ಕೆ ಏರಿಸಿದರೂ ಗಿಟ್ಟುವುದು 15% ಮಾತ್ರ. ಇಸಿಯುವಿನ ಮ್ಯಾಪನ್ನೂ, ಅಂದರೆ ಅದರ ಪೆಟ್ರೋಲ್ ಲೆಕ್ಕದ ಪಟ್ಟಿಯನ್ನೂ, ಅದಕ್ಕೆ ತಕ್ಕಂತೆ ಬದಲಿಸಿದರೆ ಅದು ಒಪ್ಪುವ ಕೆಲಸವೇ. ಮ್ಯಾಪ್ ಮುಟ್ಟದೆ ಸ್ಕ್ರೂ ಮಾತ್ರ ತಿರುಗಿಸಿದರೆ, ನಿರಾಳವಾಗಿ ಓಡುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ನೀವು ಕೊಟ್ಟದ್ದನ್ನು ಕಳೆದುಹಾಕುತ್ತದೆ, ಪೂರ್ತಿ ತುಳಿದಾಗ ಕಪ್ಪು ಹೊಗೆ ಬರುತ್ತದೆ. ಹಿಂದೆ ಬೂಸ್ಟ್ ಒಂದು ಏರಿದರೆ ಪೆಟ್ರೋಲಿನ ಪ್ರೆಶರನ್ನು ಅದರ ಐದಾರು ಪಟ್ಟು ಏರಿಸುವ ವಿಶೇಷ ರೆಗ್ಯುಲೇಟರುಗಳನ್ನು ಟರ್ಬೊ ಕಿಟ್ ಜೊತೆ ಕೊಡುತ್ತಿದ್ದರು. ಇಸಿಯು ಮುಟ್ಟಲು ಯಾರಿಗೂ ಬರದ ಕಾಲದ ಉಪಾಯ ಅದು. ಈಗಲೂ ಹಾಕಿಸಿ ಅನ್ನುವವರನ್ನು ನಂಬಬೇಡಿ.

ಶೋರೂಂನಿಂದಲೇ ಟರ್ಬೊ ಬರುವ ಈಚಿನ ಕಾರುಗಳಲ್ಲಿ ಈ ಸ್ಕ್ರೂ ಸಿಗುವುದಿಲ್ಲ. 2014ರಲ್ಲಿ ಟಾಟಾ ಜೆಸ್ಟ್‌ನಲ್ಲಿ ಬಂದ 1.2 ಲೀಟರಿನ ರೆವೊಟ್ರಾನ್ ಟರ್ಬೊ ಪೆಟ್ರೋಲಿನಲ್ಲಿ ಇಂಜೆಕ್ಟರ್ ಮ್ಯಾನಿಫೋಲ್ಡಿಗೇ ಸಿಂಪಡಿಸುತ್ತಿತ್ತು. ಪೋಲೊ ಜಿಟಿಯ ಟಿಎಸ್‌ಐ, ಬಲೆನೊ ಆರ್‌ಎಸ್‌ನ ಬೂಸ್ಟರ್‌ಜೆಟ್, ಹ್ಯುಂಡೈ ವೆನ್ಯೂವಿನ ಟರ್ಬೊ ಎಂಜಿನ್ನುಗಳು ನೇರ ಸಿಲಿಂಡರಿನೊಳಗೆ ಸಿಂಪಡಿಸುವಂಥವು. ಅವುಗಳ ರೇಲಿನಲ್ಲಿ ನೂರು ಬಾರ್‌ಗೂ ಮೀರಿದ ಪ್ರೆಶರ್ ಇರುತ್ತದೆ, ಕ್ಯಾಂಶಾಫ್ಟಿನಿಂದ ಓಡುವ ಇನ್ನೊಂದು ಪಂಪು ಅದನ್ನು ಕಟ್ಟುತ್ತದೆ, ಇಸಿಯು ಸೆನ್ಸರ್ ನೋಡಿ ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಅಲ್ಲಿ ಗೇಜು ಹಿಡಿದುಕೊಂಡು ಹೋಗಬೇಡಿ. ಆ ಪ್ರೆಶರಿನಲ್ಲಿ ಸಣ್ಣ ತೂತಿನಿಂದ ಚಿಮ್ಮಿದ ಪೆಟ್ರೋಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಆ ಕಾರುಗಳಿಗೆ ಸ್ಕ್ಯಾನರ್ ಸಾಕು: ಬೇಕಾದ ಪ್ರೆಶರ್ ಎಷ್ಟು, ಸಿಕ್ಕಿದ್ದು ಎಷ್ಟು, ಎರಡೂ ಪಕ್ಕಪಕ್ಕದಲ್ಲಿ ಬರುತ್ತದೆ.

2023ರ ಫೆಬ್ರುವರಿಯಲ್ಲಿ ಇದೇ ಬೆಂಗಳೂರಿನ ಸಮಾವೇಶದಲ್ಲಿ ಪ್ರಧಾನಿ ಚಾಲನೆ ಕೊಟ್ಟ ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಟರ್ಬೊ ಕಾರಿನವರಿಗೆ ಪ್ರೆಶರ್ ಏರಿಸಬೇಕೇನೋ ಎನ್ನುವ ಹೊಸ ಗುಮಾನಿ ಶುರುವಾಗಿದೆ. ಎಥನಾಲಿಗೆ ಗಾಳಿ ಕಡಿಮೆ ಸಾಕಾದ್ದರಿಂದ ಅದೇ ಗಾಳಿಗೆ ಅಂದಾಜು 8% ಹೆಚ್ಚು ಇಂಧನ ಬೇಕು. ಅದನ್ನು ಪ್ರೆಶರಿನಿಂದ ತುಂಬಿಸುವುದಾದರೆ ಬೇಸ್ ಮೂರೂವರೆಗೆ ಹೋಗಬೇಕು. ಬೇಡ. ಹೊಸ ಇಸಿಯು ಹಾಕಿಸಿದ್ದರೆ ಮ್ಯಾಪನ್ನು ವೈಡ್‌ಬ್ಯಾಂಡ್ ನೋಡಿ ತಿದ್ದಿಸಿ, ಕಂಪನಿಯ ಇಸಿಯು ಇದ್ದರೆ ದಿನನಿತ್ಯದ ಓಟಕ್ಕೆ ಅದೇ ತಿದ್ದಿಕೊಳ್ಳುತ್ತದೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ, ಟರ್ಬೊ ಎಂಜಿನ್ನಿಗೆ ಅದೊಂದು ಲಾಭವೇ. ಹೆದರಬೇಕಾದದ್ದು ಹಳೆಯ ರಬ್ಬರ್ ಬಗ್ಗೆ. ಕಾರ್ಬ್ಯುರೇಟರ್ ಕಾಲದ ಹೋಸನ್ನು ಮೂರು-ನಾಲ್ಕು ಬಾರ್ ಇರುವ ಕಡೆ ಹಾಕಿದ್ದರೆ ಅದು ಉಬ್ಬಿ, ಒಳಪದರ ಕಿತ್ತು, ಚೂರುಗಳು ಇಂಜೆಕ್ಟರಿನ ಜಾಳಿಗೆಯಲ್ಲಿ ಸೇರುತ್ತವೆ. ಹೋಸ್ ಕೊಳ್ಳುವಾಗ ಅದರ ಮೈಮೇಲೆ 30ಆರ್9 ಎಂದು ಅಚ್ಚಾಗಿದೆಯೇ ನೋಡಿ. 30ಆರ್7 ಎಂದಿದ್ದರೆ ಕಾರ್ಬ್ಯುರೇಟರಿನದು, ವಾಪಸ್ ಕೊಡಿ. ಹಲ್ಲು ಕೊರೆದ ಮಾಮೂಲಿ ಕ್ಲಿಪ್ ಹೋಸನ್ನು ಕತ್ತರಿಸುತ್ತದೆ, ಒಳಮೈ ನುಣುಪಾಗಿರುವ ಫ್ಯೂಯಲ್ ಇಂಜೆಕ್ಷನ್ ಕ್ಲಿಪ್ಪನ್ನೇ ಕೇಳಿ ತನ್ನಿ.